ಬಾಯಿ ಮುಚ್ಚಿಸುವ ಗುಂಡಿ

ಮಾರ್ಚ್ ೧೪, ಗುರುವಾರ.

ತಂಗೀ, ನಿನ್ನ ಮಂಡಿನೋವು ಹೇಗಿದೆ? ಫೋನಿನಲ್ಲಿ ಕೇಳಲಾಗದ್ದನ್ನು ಈ ದಿನಚರಿಯಲ್ಲಿ ಕೇಳುತ್ತಿದ್ದೇನೆ.

ಡಯಾಲಿಸಿಸ್ ವಾರ್ಡಿನ ಆರು ಮೆಷೀನುಗಳಿಗೆ ಈಗ ನಾನೊಬ್ಬಳೇ ನರ್ಸ್. ಯಾವುದರ ಅಲಾರಂ ಕೂಗಿದರೂ ಮೊದಲು ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿ, ಆಮೇಲೆ ರೋಗಿಯನ್ನು ನೋಡುತ್ತೇನೆ. ಸಂಜೆ ಮನೆಯಲ್ಲಿ ನಿನ್ನ ಫೋನ್ ಬಂತು; ಬೆರಳು ತಾನಾಗಿಯೇ ಕಟ್ ಮಾಡಿತು. ಈ ವಾರ ಇದು ಮೂರನೇ ಸಲ.

ತಿರುಗಿ ಮಾಡಿದರೆ, "ನಾನೇನು ನಿನ್ನ ಮೆಷೀನಾ ಅಕ್ಕಾ? ಕೂಗಿದ ತಕ್ಷಣ ಬಾಯಿ ಮುಚ್ಚಿಸ್ತೀಯಲ್ಲ! ಇನ್ಮೇಲೆ ಮಾಡಲ್ಲ ಬಿಡು," ಎಂದು ನೀನು ಇಟ್ಟುಬಿಟ್ಟೆ.

ಅಷ್ಟೆಲ್ಲ ಕೂಗುಗಳಲ್ಲಿ ನನಗಾಗಿ ಕೂಗುವವಳು ನೀನೊಬ್ಬಳೇ ಕಣೇ. ಈ ಪುಟ ಹರಿದು ನಾಳೆ ನಿನಗೆ ಅಂಚೆಗೆ ಹಾಕುತ್ತೇನೆ. ಮುನಿಸಿದ್ದರೆ ಫೋನ್ ಬೇಡ, ಬೇಗ ಎರಡು ಸಾಲು ಬರೆದು ಹಾಕು. ಕಾಗದಕ್ಕೆ ಗುಂಡಿ ಇರುವುದಿಲ್ಲ.