ಸತ್ತರೂ ಏಳುವ ಕಾವಲು

ಜೂನ್ 19
ಮತ್ತೆ ಫೋನ್. 'ಮೂರನೇ ಮಷಿನ್ ಬಿಸಿ ಏರಿದೆ.' ಓಡಿದೆ. ಮೊಟ್ಟೆಗಳು ಹಾಯಾಗಿವೆ, ಸೆನ್ಸರ್ ವೈರು ಕೆಟ್ಟಿದೆ. ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಮನಗೂಳಿಯ ಈ ಹ್ಯಾಚರಿಗೆ ಸೇರಿದ್ದು ಕಂಪ್ಯೂಟರ್ ನೋಡಲೋ, ಸುಳ್ಳು ಫೋನಿಗೆ ಕುಣಿಯಲೋ! ಮಷಿನ್ನುಗಳ ಬಿಸಿಯೆಲ್ಲ ಡೇಟಾಬೇಸಿಗೆ ಬರುತ್ತದೆ. ಕಂಪ್ಯೂಟರ್ ಕೂಡಿಸಿಕೊಟ್ಟ ಹುಡುಗ ತೌಸಿಫ ಬರೆದುಕೊಟ್ಟ ಸಣ್ಣ ಪ್ರೋಗ್ರಾಂ ಅದನ್ನು ಓದಿ ಫೋನ್ ಹಚ್ಚುತ್ತದೆ. ಮಾಲೀಕರು ಸಿದ್ದಲಿಂಗಣ್ಣ ಗದರಿದರು: "ಸುವರ್ಣಾ, ಮೊದಲ ಅದರ ಬಾಯಿ ಮುಚ್ಚಸು."

ಜೂನ್ 20
ಪ್ರೋಗ್ರಾಂ ಕೊಂದೆ, ಎಂದರೆ ನಿಲ್ಲಿಸಿದೆ. ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಎದ್ದಿದೆ. ಮತ್ತೆ ಕೊಂದೆ. ಮತ್ತೆ ಬಂತು. ಎಬ್ಬಿಸುತ್ತಿರುವವರು ಯಾರು? ಡೇಟಾಬೇಸಿನ ಸೆಟಿಂಗ್ ಫೈಲಿನಲ್ಲಿ ಅದರ ಹೆಸರು ಕಂಡಿತು. ಅಳಿಸಿದೆ. ಸೇವ್. ಸಂಜೆ ಮತ್ತೆ ಫೋನ್! ತಲೆ ಕೆಟ್ಟಿತು. ಬಿಟ್ಟುಬಿಟ್ಟೆ.

ಜೂನ್ 23
ಮಸೂತಿ ಊರಿನಿಂದ ರಮಜಾನಬಿ ಚಾಚಿ ಬಂದಿದ್ದರು. ರೋಗ ಬಿದ್ದು ಅವರ ಜವಾರಿ ಕೋಳಿಗಳೆಲ್ಲ ಹೋದವು. ಉಳಿದದ್ದು ಒಂದನೇ ಮಷಿನ್ನಿನಲ್ಲಿರುವ ಮೊಟ್ಟೆ ಮಾತ್ರ. "ನಮ್ಮ ಅಮ್ಮಾ ಲಗ್ನದಾಗ ಕೊಟ್ಟ ತಳಿ ಮಗಳ. ಜ್ವಾಕಿ."

ಜೂನ್ 25, ಮಣ್ಣೆತ್ತಿನ ಅಮಾವಾಸ್ಯೆ
ಸಿದ್ದಲಿಂಗಣ್ಣನ ತಾಯಿ ಶಂಕ್ರೆವ್ವ ಬಂದು ಕಂಪ್ಯೂಟರಿಗೂ ಪೂಜೆ ಆಗಲೇಬೇಕೆಂದರು. "ಮೊಟ್ಟಿ ಮಷಿನ್ ನಡೀಲಿ. ಇದನ್ನಷ್ಟ ಬಂದ್ ಮಾಡು. ನಡಿಯೂದಕ್ಕ ಕುಂಕುಮ ಹಚ್ಚತಾರೇನು?" ಬಂದ್ ಮಾಡಿದೆ. ವಿಭೂತಿ, ಕುಂಕುಮ, ಮಾನಿಟರ್ ಪಕ್ಕ ಮಣ್ಣಿನ ಜೋಡೆತ್ತು. ಕಾಯಿ ಒಡೆದ ಮೇಲೆ ಚಾಲೂ ಮಾಡಿದೆ. ಸಂಜೆಯವರೆಗೂ ಒಂದು ಫೋನಿಲ್ಲ! ಎತ್ತುಗಳ ಮಹಿಮೆ ಎಂದರು ಶಂಕ್ರೆವ್ವ. ನನಗೇನೂ ಅರ್ಥವಾಗಲಿಲ್ಲ... ಖುಷಿಯಲ್ಲಿ ಎರಡು ಹೋಳಿಗೆ ಜಾಸ್ತಿ ತಿಂದೆ.

ಜೂನ್ 27
ಒಂದನೇ ಮಷಿನ್ನಿನ ಫ್ಯಾನು ನಿಂತಿದೆ. ಯಾವಾಗ ನಿಂತಿತೋ. ಬಾಗಿಲು ತೆಗೆದರೆ ಮುಖಕ್ಕೆ ಝಳ. ಚಾಚಿಯ ಮೊಟ್ಟೆಗಳು ಮುಟ್ಟಲಾಗದಷ್ಟು ಬಿಸಿ. ಫೋನ್ ಯಾಕೆ ಬರಲಿಲ್ಲ? ತೌಸಿಫನನ್ನು ಕೇಳಿದೆ.
"ಡೇಟಾಬೇಸ್ ಚಾಲೂ ಆಗೋವಾಗ ಆ ಫೈಲ್ ಓದಿ, ಅದರಾಗ ಹೆಸರಿದ್ದ ಪ್ರೋಗ್ರಾಂ ತಾನ ಎಬ್ಬಸತೈತ್ರಿ ಅಕ್ಕಾರ. ನಡುವ ಸತ್ತರ ಮತ್ತ ಎಬ್ಬಸತೈತಿ. ನೀವು ಹೆಸರು ಅಳಿಸಿದ್ದು ಬಂದ್ ಮಾಡಿ ಹಚ್ಚೋತನಕ ಅದಕ್ಕ ಗೊತ್ತಾಗಂಗಿಲ್ರಿ."
ಪೂಜೆಯ ದಿನ ಬಂದ್ ಮಾಡಿ ಹಚ್ಚಿದವಳು ನಾನೇ. ಅಯ್ಯೋ.

ಜೂನ್ 28
ಚಾಚಿ ಬಂದರು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲೇ ಒಂದು ಮೊಟ್ಟೆ ಎತ್ತಿ ಕಿವಿಗೆ ಹಿಡಿದರು. ಹೊರಬರುವ ಹೊತ್ತಿಗೆ ಮರಿಯ ಸಪ್ಪಳ ಕೇಳಬೇಕು.
"ಇದರಾಗ ಸಪ್ಪಳ ಇಲ್ಲಲ್ಲ. ಇನ್ನೊಂದು ಕೊಡು ಮಗಳ."
ಕೊಟ್ಟೆ. ಯಾಕೆ ಕೊಟ್ಟೆನೋ, ಗೊತ್ತಿಲ್ಲ. ಅದನ್ನೂ ಹಿಡಿದರು. ಇನ್ನೊಂದು ಕೇಳಿದರು. ಕೊಡುತ್ತಲೇ ಹೋದೆ. ಟ್ರೇ ಖಾಲಿಯಾಗುತ್ತ ಬಂತು, ಕೊನೆಗೆ ಚಾಚಿ ಕೈ ಚಾಚುವುದನ್ನು ಬಿಟ್ಟು ನನ್ನ ಮುಖ ನೋಡಿ, "ಇವೂ ಹೋದವೇನು ಮಗಳ?" ಎಂದರು.