ಎಡಗೈಗೆ ಕಾವಲು

ಮಂಗಳವಾರ, ಜುಲೈ ೧೪

ಅಣ್ಣ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾನೆ.

ಡಯಾಲಿಸಿಸ್‌ಗೆ ಎರಡು ದಾರಿಗಳಿವೆ ಎಂದು ಡಾಕ್ಟರು ಮೊನ್ನೆ ಹೇಳಿದ್ದರು. ಕುತ್ತಿಗೆಗೆ ಪೈಪು ಹಾಕುವುದು, ಇಲ್ಲವೇ ಕೈಯ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡುವುದು. ಇವತ್ತು ಅಣ್ಣ ಒಬ್ಬನೇ ಅವರ ಕೋಣೆಗೆ ಹೋಗಿ ಬಂದ.

"ಕುತ್ತಿಗೆದೇ ಸಾಕು ಬಿಡೋ. ಸುಮ್ನೆ ಕೈ ಯಾಕೆ ಕೊಯ್ಸಿಕೊಳ್ತೀಯ?"

ನನ್ನ ಮುಖ ನೋಡಲಿಲ್ಲ. ನನ್ನನ್ನೇನು ಮಗು ಅಂದುಕೊಂಡಿದ್ದಾನೋ!

ಪಕ್ಕದ ಮಂಚದ ಮೇಷ್ಟ್ರು ಫಿಸ್ಟುಲಾದಿಂದ ಉಬ್ಬಿದ ತಮ್ಮ ತೋಳು ತೋರಿಸಿದರು. "ಬಾಳಿಕೆ ಬರೋದು ಕೈಯದೇ ಕಣಪ್ಪ. ಆದ್ರೆ ಹದಕ್ಕೆ ಬರೋಕೆ ಎರಡು ತಿಂಗಳು ಬೇಕು. ಅಲ್ಲೀವರೆಗೂ ಆ ಕೈಗೆ ಸೂಜಿ ಮುಟ್ಟಿಸಬಾರದು."

ಎರಡು ತಿಂಗಳು. ಅಷ್ಟು ದಿನ ನಾನು ಉಳಿಯುವುದಿಲ್ಲ ಎಂದು ಅಣ್ಣನೂ ಡಾಕ್ಟರೂ ತೀರ್ಮಾನಿಸಿಬಿಟ್ಟರೇ?

ಸಂಜೆ ಡಾಕ್ಟರು ಬಂದಾಗ ಎಡಗೈ ಚಾಚಿ, "ಇಲ್ಲೇ ಮಾಡಿ ಸಾರ್" ಎಂದೆ. ಅವರು ಮೊದಲು ಅಣ್ಣನನ್ನು ನೋಡಿದರು. ಆಮೇಲೆ, "ಆಯ್ತು, ಮಾಡೋಣ" ಎಂದರು. ಅಷ್ಟು ಸಲೀಸಾಗಿ!

ಅವರು ಹೋದ ಮೇಲೆ ರಕ್ತ ತೆಗೆಯಲು ಬಂದ ನರ್ಸ್ ನನ್ನ ಎಡಗೈಯನ್ನೇ ಹಿಡಿದಳು.

"ಈ ಕೈಗೆ ಚುಚ್ಚಬಾರದು ಅಂತ ಡಾಕ್ಟ್ರು ಹೇಳಿಲ್ವಾ?"

"ನಂಗ್ಯಾರೂ ಏನೂ ಹೇಳಿಲ್ವಲ್ಲ."

ಹಾಗಾದರೆ ಡಾಕ್ಟರು 'ಮಾಡೋಣ' ಎಂದದ್ದು ನನ್ನ ಸಮಾಧಾನಕ್ಕಷ್ಟೇನಾ? ಬಲಗೈ ಕೊಟ್ಟೆ. ಚುಚ್ಚಿದಲ್ಲಿ ಇನ್ನೂ ನೋಯುತ್ತಿದೆ, ಅಕ್ಷರ ಸೊಟ್ಟಗಾಗುತ್ತಿದೆ. ಎಡಗೈಯನ್ನು ದಿಂಬಿನ ಕೆಳಗೆ ಬಚ್ಚಿಟ್ಟಿದ್ದೇನೆ.