ಗಾಯವೇ ಇಲ್ಲದ ಕಾಲು

ಮಾರ್ಚ್ ೧೨, ಗುರುವಾರ, ಫೆಸ್

ಕಾಲಿನ ಉಬ್ಬುನರವನ್ನು ಸೂಜಿ ತೂರಿಸಿ ಒಳಗೇ ಸುಟ್ಟೆ ಅಂತಾನೆ ಡಾಕ್ಟರ್. ಒಂದು ಹೊಲಿಗೆ ಇಲ್ಲ, ನಡೆದೇ ಮನೆಗೆ ಬಂದೆ. ಯಾರು ನಂಬುತ್ತಾರೆ? ಅಕ್ಕ ತಾಮು, ಕಾಲು ಕುಯ್ದು ನರ ಕಿತ್ತಾಗ ತಿಂಗಳುಗಟ್ಟಲೆ ನರಳಿದ್ದಳು. ಮೋಸವಾಗಿದ್ದರೆ ಹಮಾಮು ಸ್ನಾನಗೃಹದಲ್ಲಿ ನಿಂತು ಗಿರಾಕಿಗಳ ಮೈ ಉಜ್ಜುವ ನನ್ನ ಕೆಲಸ ಹೋಯಿತು.

"ಮಲಗಬೇಡಿ ಅತ್ತೆ, ಓಡಾಡಬೇಕಂತೆ," ಅಂತಾಳೆ ಸೊಸೆ ನಜಾತ್. ಡಾಕ್ಟರಿಗೆ ಇವಳೇ ಹೇಳಿಕೊಟ್ಟಿರಬೇಕು.

ಸಂಜೆ ತಾಮು, ರೋಗಿಯನ್ನು ನೋಡಲು ಬರುವವರು ವಾಡಿಕೆಯಂತೆ ತರುವ ಗೋಪುರದಾಕಾರದ ಸಕ್ಕರೆ ಗಟ್ಟಿ ಹಿಡಿದು ಬಂದಳು. ಡಾಕ್ಟರ್ ನನಗೆ ಹಾಕಿದ್ದ ಬಿಗಿ ಕಾಲುಚೀಲ ಇಳಿಸಿ ನೋಡಿದಳು. "ಗಾಯ ಎಲ್ಲೇ? ಸೊಳ್ಳೆ ಕಚ್ಚಿದ್ದಕ್ಕೆಲ್ಲ ಸಕ್ಕರೆ ಕೊಡ್ತಾರಾ?" ಅಂದವಳೇ ಅದನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳು!

ಸಿಟ್ಟಿಗೆ ಮೆಟ್ಟಿಲಿಳಿದು ಬೀದಿವರೆಗೂ ಅಟ್ಟಿಸಿಕೊಂಡು ಹೋಗಿ ಸಕ್ಕರೆ ಕಿತ್ತುಕೊಂಡೆ. ಹತ್ತಿ ಬಂದ ಮೇಲೆ ಹೊಳೆಯಿತು, ಕಾಲು ನೋಯಲೇ ಇಲ್ಲ. ನಜಾತ್‌ಗೆ ಗೊತ್ತಾಗಬಾರದು. ಗೊತ್ತಾದರೆ ನಾಳೆ ಬೆಳಿಗ್ಗೆಯೇ ಹಿಟ್ಟು ನಾದಲು ಕೂರಿಸುತ್ತಾಳೆ.